ಹತ್ತು ಲಕ್ಷದ ಒಂದು ಉಂಡಿ

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು. ಈಗ ನಿಜವಾದ ಕೆಮ್ಮೇ ಬಂದಿದೆ. ಇನ್ನು ಮುಂದೂಡುವಂತಿಲ್ಲ.

ಎಂಬತ್ತರ ದಶಕದಲ್ಲಿ ಮಸ್ಕಿಯಲ್ಲಿ ಗಣಿತವೆಂದರೆ ನಾನೇ! ಹಾಗೆಂದು ಹೇಳಿಕೊಂಡವನೂ ನಾನೇ. ಹೈಸ್ಕೂಲಿನಲ್ಲಿ ಕಲಿತದ್ದರಲ್ಲಿ ಒಂದು ಮಾತು ನೆನಪಿತ್ತು: ನೂರಾ ಒಂದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಹೋಗದು. ನಡುವೆ ಸೊನ್ನೆ ತುಂಬಿದಷ್ಟೂ ಸಂಖ್ಯೆ ಗಟ್ಟಿಯಾಗುತ್ತದೆ ಎಂಬುದು ಮಾತ್ರ ನನ್ನ ಸ್ವಂತ ಸಂಶೋಧನೆ.

ಲಿಂಗಸುಗೂರಿನಲ್ಲಿ ನೌಕರಿಯಲ್ಲಿದ್ದ ಅಕ್ಕನ ಮಗನಿಗೆ ಗೊರೇಬಾಳದ ಹುಡುಗಿಯನ್ನು ಗೊತ್ತುಮಾಡಲು ಅವನ ಜೊತೆ ಅಕ್ಕ, ನಾನು, ನನ್ನ ಹೆಂಡತಿ ಹೋದೆವು. ಹುಡುಗ, ಹುಡುಗಿ ಆಗಲೇ ಒಪ್ಪಿದ್ದರು. ಎಲೆ-ಅಡಿಕೆ ಬದಲಾಯಿಸುವುದೊಂದೇ ಬಾಕಿ. ಹುಡುಗಿಯ ಅಪ್ಪ ಕೈ ಮುಗಿದು, "ಮದುವಿಗೆ ಬುಂದಿ ಉಂಡಿ ಎಷ್ಟು ಕಟ್ಟಿಸೂಣ್ರಿ?" ಎಂದ.

ನಾನು ಗಂಟಲು ಸರಿಪಡಿಸಿಕೊಂಡೆ. "ನೂರಾ ಒಂದು ಗೊತ್ತಲ್ಲ? ಅದರ ಅಣ್ಣ, ಸಾವಿರದ ಒಂದು! ಯಾವುದರಿಂದನೂ ಭಾಗ ಹೋಗಂಗಿಲ್ಲ. ಜೋಡಿ ಹಂಗ ಇರಬೇಕು!"

ನೀರಿನ ತಂಬಿಗೆ ಹಿಡಿದು ನಿಂತಿದ್ದ ಹುಡುಗಿ ಮೆಲ್ಲಗೆ, "ಕಾಕಾರ, ಏಳರಿಂದ ಹೋಗತೈತ್ರಿ" ಎಂದಳು.

ಎಲ್ಲರೂ ನಕ್ಕರು. ಅಕ್ಕನ ಮಗ ಸ್ವಲ್ಪ ಜಾಸ್ತಿಯೇ ನಕ್ಕ.

"ಹಂಗಾರ ಹತ್ತು ಸಾವಿರದ ಒಂದು!"

ಅವಳು ಕುಳಿತು, ತಂಬಿಗೆಯಲ್ಲಿ ಬೆರಳದ್ದಿ ನೆಲದ ಬಂಡೆಯ ಮೇಲೆ ಲೆಕ್ಕ ಮಾಡಿದಳು. "ಎಪ್ಪತ್ಮೂರರಿಂದ ಹೋಗತೈತ್ರಿ."

"ಹತ್ತು ಲಕ್ಷದ ಒಂದು!" ಎಂದು ಗುಡುಗಿದೆ. ಅಷ್ಟು ಉಂಡಿಗೆ ಬೇಕಾಗುವ ಕಡಲೆಹಿಟ್ಟನ್ನು ನೆನೆದು ಅವಳ ಅಪ್ಪ ಗೋಡೆಗೆ ಒರಗಿದ.

ಬೆರಳು ಮತ್ತೆ ನೀರಿಗೆ ಹೋಯಿತು. "ಇದು ನಿಮ್ಮ ನೂರಾ ಒಂದರಿಂದನ ಹೋಗತೈತ್ರಿ, ಕಾಕಾರ."

ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಬೇಸಿಗೆಯ ಬಂಡೆ ಲೆಕ್ಕವನ್ನು ಕುಡಿದುಬಿಟ್ಟಿತ್ತು. ಸಾಕ್ಷಿಯೇ ಇಲ್ಲ!

"ತಪ್ಪು," ಎಂದೆ. "ಹಿರಿಯರ ಮುಂದ ಸುಳ್ಳು ಲೆಕ್ಕ!"

ಅಕ್ಕ ಎದ್ದು ನಿಂತಳು. "ನನ್ನ ತಮ್ಮಗ ಹಿಂಗ ಎದುರಾಡಾಕಿ ನಾಳೆ ನನಗ ಬಿಡ್ತಾಳೇನು? ಏಳ್ರಿ!"

ಹುಡುಗ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ಎಲೆ-ಅಡಿಕೆ ತಟ್ಟೆಯಲ್ಲೇ ಉಳಿಯಿತು.

ಸಿಂಧನೂರಿನಿಂದ ಹೊರಟ ಬಸ್ಸಿನಲ್ಲಿ ಬೀಡಿ ಕಟ್ಟಿನ ಕಾಗದದ ಮೇಲೆ ಭಾಗಿಸಿ ನೋಡಿದೆ. ಶೇಷ ಸೊನ್ನೆ. ಮೂರಕ್ಕೂ!

ಪಕ್ಕದಲ್ಲಿದ್ದ ಹೆಂಡತಿ ಬಗ್ಗಿ ನೋಡಿದಳು. "ಸೊನ್ನಿ ಬಂತಲ್ರೀ? ಅಕ್ಕಾರು ಮುಂದಿನ ಸೀಟಿನಾಗ ಕುಂತಾರ, ಹೇಳ್ರಿ. ಇಳಿದು ಹೋಗಿ ತಪ್ಪಾತು ಅಂದು ಬರೂಣು."

"ಟಿಕೆಟ್ ಮಸ್ಕಿತನಕ ತಗೊಂಡೀವಿ," ಎಂದೆ. ಗಣಿತ ಪಂಡಿತನ ಉತ್ತರ!

ವಾದ ಹಾಕುವ ಹುಡುಗಿ ಎಂಬ ಮಾತು ನಮಗಿಂತ ಮುಂಚಿನ ಬಸ್ಸಿಗೇ ಊರೂರು ತಲುಪಿತ್ತು. ಆಮೇಲೆ ಆ ಮನೆಗೆ ಹೆಣ್ಣು ಕೇಳಿ ಬಂದವರೆಲ್ಲ ನೀರು ಕುಡಿದು ಎದ್ದುಹೋದರಂತೆ.

ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ತಲೆಯಲ್ಲಿ ನರೆ, ಒಬ್ಬಳೇ. ನಾನು ಕಬ್ಬಿನ ಹಾಲಿನ ಗಾಣದ ಹಿಂದೆ ಅಡಗಿದೆ. ಅವಳು ಕಬ್ಬಿನ ಹಾಲಿಗೆಂದು ಅಲ್ಲಿಗೇ ಬಂದಳು!

"ಆರಾಮ್ರೀ, ಕಾಕಾರ?"

"ಆರಾಮವ್ವ," ಎಂದೆ. ಹೇಳಬೇಕಿದ್ದ ಇನ್ನೊಂದು ಮಾತನ್ನು ಕಬ್ಬಿನ ಹಾಲಿನ ಜೊತೆ ನುಂಗಿದೆ. ಗ್ಲಾಸು ಖಾಲಿಯಾಯಿತು, ಬಸ್ಸು ಬಂತು, ಓಡಿ ಹತ್ತಿದೆ. ಅದು ಮಸ್ಕಿಯ ಬಸ್ಸೂ ಆಗಿರಲಿಲ್ಲ!

ಇಷ್ಟೆಲ್ಲ ಬರೆದರೂ ಅವಳ ಹೆಸರನ್ನು ಮಾತ್ರ ತಪ್ಪಿಸಿಕೊಂಡೇ ಬಂದಿದ್ದೇನೆ, ನೋಡಿ.

ಅಮರಮ್ಮ.