ಎಂತದೂ ಇಲ್ಲದ ಜಾಗಕ್ಕೆ ಮಾವನ ಸವಾರಿ

ಕತಾರಿಗೆ ಬಂದ ನೆಂಟರಿಗೆ ಕತಾರಿನಲ್ಲಿ ಏನನ್ನೂ ತೋರಿಸದೆ ವಾಪಸು ಕಳುಹಿಸುವ ವಿದ್ಯೆಯಲ್ಲಿ ನಮ್ಮ ಸೋದರಮಾವನನ್ನು ಮೀರಿಸಿದವರು ಇಡೀ ಕೊಲ್ಲಿಯಲ್ಲೇ ಇಲ್ಲ. ಬೇರೆಯವರ ಮಾವಂದಿರು ಮಾಲ್ ತೋರಿಸುತ್ತಾರೆ, ಸಮುದ್ರದಂಚಿನ ಗಾಜಿನ ಗೋಪುರಗಳನ್ನು ತೋರಿಸುತ್ತಾರೆ, ಸೂಕ್ ಎಂಬ ಹಳೆಯ ಪೇಟೆಗೆ ಕರೆದುಕೊಂಡು ಹೋಗಿ ಗಿಡುಗವನ್ನು ಕೈಮೇಲೆ ಕೂರಿಸಿ ಫೋಟೊ ತೆಗೆಸುತ್ತಾರೆ. ನಮ್ಮ ಮಾವ? ಕಲ್ಲು ತೋರಿಸುತ್ತಿದ್ದರು. ಅದೂ ಒಂದೆರಡು ಕಲ್ಲಲ್ಲ, ಕಣ್ಣು ಹಾಯುವಷ್ಟು ದೂರ ಕಲ್ಲು!

ನಾನು ಮದುವೆಯಾಗಿ ಹೆಂಡತಿಯನ್ನು ದೋಹಾಕ್ಕೆ ಕರೆತಂದ ವಾರವೇ ನಮಗೆ ಈ ಭಾಗ್ಯ ಒದಗಿತು. ಅವಳು ಮೈಸೂರಿನವಳು. 'ಮಾವ ಊರು ತೋರಿಸ್ತಾರಂತೆ' ಎಂದದ್ದೇ ತಡ, ಹೊಸ ಸೀರೆ ಉಟ್ಟು, ಫೋಟೊಕ್ಕೆ ಒಪ್ಪುವ ಚಪ್ಪಲಿ ಹಾಕಿಕೊಂಡು ಹೊರಟಳು. ಮಾವನ ಹಳೆಯ ಕಾರು ದೋಹಾ ಅಲ್ ಜದೀದಾದ ಗಲ್ಲಿಗಳಿಂದ ಹೊರಬಿದ್ದು, ಗಾಜಿನ ಗೋಪುರಗಳನ್ನೆಲ್ಲ ಬದಿಗೆ ಸರಿಸಿ, ಉತ್ತರದ ಹೆದ್ದಾರಿ ಹಿಡಿಯಿತು.

"ಮಾವ, ಟವರ್‌ಗಳೆಲ್ಲ ಹಿಂದೆ ಹೋಗ್ತಾ ಇದಾವಲ್ಲ?" ಎಂದಳು ಪಾಪದ ಹುಡುಗಿ.

"ಇರ್ಲಿ ಮಗಳೇ. ಅವು ಎಲ್ಲಿಗೂ ಓಡಿಹೋಗುದಿಲ್ಲ."

ಉತ್ತರದ ತುದಿಯ ಅಲ್ ಶಮಾಲ್ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಮಾವ ಟಾರು ಬಿಟ್ಟು ಕಾರನ್ನು ಕಚ್ಚಾದಾರಿಗೆ ಇಳಿಸಿದರು. ಕಾರು ನಿಂತಿತು. ಧೂಳು ಮಾತ್ರ ನಿಲ್ಲಲಿಲ್ಲ. ಆಕಾಶವೂ ನೆಲವೂ ಒಂದೇ ಬೂದಿಯ ಬಣ್ಣ. ಅಲ್ಲೊಂದು ಇಲ್ಲೊಂದು ಮೊಣಕಾಲೆತ್ತರದ ಒಣ ಗಿಡ. ತಗ್ಗಿನಲ್ಲಿ ಗಾಳಿಗೆ ಬೆನ್ನು ಬಾಗಿದ, ನಮ್ಮ ಬೋರೆ ಹಣ್ಣಿನ ಜಾತಿಯ ನಾಲ್ಕಾರು ಮರ.

"ಇಳಿಯಿರಿ, ಬಂತು!"

"ಏನ್ ಬಂತು? ಇಲ್ಲೇನೂ ಇಲ್ವಲ್ಲ ಮಾವ?"

ನಾನು ಅವಳ ಕೈ ಚಿವುಟಿದೆ. ತಡವಾಗಿಹೋಗಿತ್ತು. ಮಾವನ ಎದುರಿಗೆ ಹೇಳಬಾರದ ಮಾತು ಲೋಕದಲ್ಲಿ ಒಂದೇ ಒಂದಿತ್ತು, ಅವಳು ಅದನ್ನೇ ಹೇಳಿಬಿಟ್ಟಿದ್ದಳು! ಮುಂದೆ ಹೊತ್ತು ನೆತ್ತಿಗೇರುವವರೆಗೆ ಪಾಠ ನಡೆಯಿತು. ಈ ತಗ್ಗಿಗೆ ರೌದಾ ಎನ್ನುತ್ತಾರೆ, ಮಳೆ ಬಿದ್ದರೆ ಸುತ್ತಲಿನ ನೀರೆಲ್ಲ ಇಲ್ಲಿಗೇ ಬಂದು ನಿಲ್ಲುತ್ತದೆ. ಆ ಬಿಲ ಧಬ್ ಎಂಬ ಮುಳ್ಳುಬಾಲದ ದಪ್ಪ ಓತಿಯದು. ಈ ಹೆಜ್ಜೆ ಮೊಲದ್ದು. ಕೊನೆಗೆ ಚಪ್ಪಟೆ ಬಂಡೆಯೊಂದರ ಮುಂದೆ ಮಂಡಿಯೂರಿ, ಅಂಗೈಯಿಂದ ಮರಳು ಒರೆಸಿದರು. ಬಂಡೆಯಲ್ಲಿ ಎರಡು ಸಾಲು ಗುಳಿ ಕೊರೆದಿತ್ತು. ಥೇಟ್ ನಮ್ಮೂರ ಚೆನ್ನೆಮಣೆ!

"ಯಾರು ಕೊರೆದದ್ದು?" ಎಂದೆ.

"ಗೊತ್ತಿಲ್ಲ."

"ಯಾವಾಗ?"

"ಅದೂ ಸರಿಯಾಗಿ ಗೊತ್ತಿಲ್ಲ. ಮುತ್ತು ತೆಗೆಯುವವರು ಆಡ್ಲಿಕ್ಕೆ ಕೊರೆದದ್ದು ಅಂತ ಕೆಲವರು. ಅಲ್ಲ ಅಂತ ಕೆಲವರು. ಎಷ್ಟು ಚಂದ ಅಲ್ವಾ, ಯಾರಿಗೂ ಗೊತ್ತಿಲ್ಲದ್ದು!"

ಹೆಂಡತಿಯ ಚಪ್ಪಲಿ ಅಲ್ಲೇ ಕಿತ್ತುಹೋಯಿತು. ವಾಪಸು ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. "ಹುಡುಗಿಯ ಮನಸ್ಸಿಗೆ ಜಾಗ ತಟ್ಟಿದೆ" ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದರು!

ಮಾವ ಹಮದ್ ಬಂದರಿನಲ್ಲಿ ಹಡಗಿನ ಸರಕು ನೋಡಿಕೊಳ್ಳುವ ಒಂದು ಕಚೇರಿಯಲ್ಲಿದ್ದರು. ಆರು ದಿನ ಕಂಟೇನರು, ಶುಕ್ರವಾರ ಈ ಬಯಲು. ದುಡಿಮೆಗೆ ಬಂದವರು ರಜೆಯ ದಿನ ಮಲಗುತ್ತಾರೆ, ಬಿರಿಯಾನಿ ತಿನ್ನುತ್ತಾರೆ, ಊರಿಗೆ ಫೋನು ಮಾಡುತ್ತಾರೆ. ಇವರು ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಓತಿಯನ್ನು ಕಾಯುತ್ತಿದ್ದರು. ಅತ್ತೆಯಂತೂ ಆ ಬಯಲಿಗೆ ಇಟ್ಟಿದ್ದ ಹೆಸರೇ 'ನನ್ನ ಸವತಿ.' "ಮಾವ ಎಲ್ಲಿ ಅತ್ತೆ ಅಂತ ಕೇಳ್ಬೇಡ ಮಗಾ, ಸವತಿಯ ಮನೆಗೆ ಹೋಗಿದ್ದಾರೆ" ಎಂದು ಫೋನಿನಲ್ಲಿ ನಿಟ್ಟುಸಿರು ಬಿಡುತ್ತಿದ್ದರು.

ಈ ಹುಚ್ಚು ಎಲ್ಲಿಂದ ಬಂತು? ಅದರ ಬೇರು ದಕ್ಷಿಣ ಕನ್ನಡದಲ್ಲಿದೆ. ಮಾವ ಹುಟ್ಟಿ ಬೆಳೆದದ್ದು ಒಂದು ಪದವಿನ ಅಂಚಿನಲ್ಲಿ. ಪದವು ಎಂದರೆ ಗುಡ್ಡದ ನೆತ್ತಿಯ ಮೇಲೆ ಹರಡಿಕೊಂಡ ಕೆಂಪು ಮುರಕಲ್ಲಿನ ಬಯಲು. ಬೇಸಗೆಯಲ್ಲಿ ಅದು ಒಲೆಯ ಮೇಲಿಟ್ಟು ಮರೆತ ಬಾಣಲೆ. ಮಳೆ ಹಿಡಿದರೆ ಕಲ್ಲಿನ ಗುಳಿಗುಳಿಯಲ್ಲೂ ನೀರು. ಆಟಿ, ಅಂದರೆ ನಮ್ಮ ಕಡೆಯ ಆಷಾಢ, ಕಳೆಯುವ ಹೊತ್ತಿಗೆ ಬಯಲಿಗೆ ಬಯಲೇ ಸಾಸಿವೆಯಷ್ಟು ಸಣ್ಣ ನೇರಳೆ ಹೂವಿನ ಹಾಸು. ಅಲ್ಲಿ ಟಿಟ್ಟಿಭ ಹಕ್ಕಿ ಬರಿಯ ಕಲ್ಲಿನ ಮೇಲೆ ಮೊಟ್ಟೆಯಿಡುತ್ತಿತ್ತು, ಸಂಜೆಗೆ ನರಿ ಊಳಿಡುತ್ತಿತ್ತು. ಸರಕಾರದ ಕಾಗದದಲ್ಲಿ ಮಾತ್ರ ಅದು ಯಾವಾಗಲೂ ಪಾಳುಭೂಮಿ.

ಒಂದು ಸಲ ಮಾವ ರಜೆಯಲ್ಲಿ ಊರಿಗೆ ಹೋದವರು ರಜೆ ಮುಗಿಯುವ ಮೊದಲೇ ವಾಪಸಾದರು. ಗಲ್ಫಿನಲ್ಲಿ ಇದು ಸುದ್ದಿಯೇ! ರಜೆಯನ್ನು ಹಿಗ್ಗಿಸುವವರನ್ನು ಕಂಡಿದ್ದೇವೆ, ಕುಗ್ಗಿಸುವವರು ಉಂಟೇ? ವಿಮಾನನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಕೇಳಿದೆ.

"ಪದವು ಇಲ್ಲ ಮಾರಾಯ. ಕಲ್ಲು ಕೊಯ್ದು ಕೊಯ್ದು ಹೊಂಡ ಮಾಡಿದ್ದಾರೆ. ಉಳಿದದ್ದನ್ನು ಮಟ್ಟ ಮಾಡಿ ಬೇಲಿ ಹಾಕಿದ್ದಾರೆ."

ಮಾವ ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದರು: "ಕಾಡು ಕಡಿದ್ರೆ ಅಳುವವರು ಇದ್ದಾರೆ. ಹೊಳೆ ಬತ್ತಿದ್ರೆ ಅಳುವವರು ಇದ್ದಾರೆ. ಪದವಿಗೆ ಯಾರು ಅಳ್ತಾರೆ? ಅಲ್ಲಿ ಎಂತದೂ ಇರ್ಲಿಲ್ಲ ಅಂತ ಎಲ್ಲರಿಗೂ ಗೊತ್ತುಂಟಲ್ಲ!"

ಆಮೇಲೆ ಅವರು ಊರಿನ ಮಾತು ತೆಗೆಯುವುದನ್ನು ಬಿಟ್ಟರು. ಕತಾರಿನ ಬಯಲಿಗೆ ಹೋಗುವುದು ಮಾತ್ರ ಹೆಚ್ಚಾಯಿತು.

ಒಂದು ಶುಕ್ರವಾರ ನಾನೂ ಜೊತೆಗಿದ್ದೆ. ಮಾವ ಧಬ್ಬಿನ ಬಿಲದ ಮುಂದೆ ಬೋರಲು ಮಲಗಿದ್ದರು. ಕೈಕಾಲು ಚಾಚಿ, ಅಲುಗಾಟವಿಲ್ಲದೆ. ದೊಡ್ಡ ಬಿಳಿ ಗಾಡಿಯೊಂದು ಧೂಳೆಬ್ಬಿಸುತ್ತ ಬಂದು ನಿಂತಿತು. ನರೆತ ಗಡ್ಡದ ಕತಾರಿ ಹಿರಿಯರೊಬ್ಬರು ಇಳಿದು, ಮಾವನನ್ನು ನೋಡಿ, ನನ್ನ ಕಡೆ ತಿರುಗಿ, ಗಂಭೀರವಾಗಿ ತಮಗೆ ಗೊತ್ತಿದ್ದ ಹಿಂದಿಯಲ್ಲಿ ಕೇಳಿದರು: "ಮರ್ ಗಯಾ?"

"ಲಾ, ಲಾ! ಜಿಂದಾ ಹೈ! ಬದುಕಿದ್ದಾರೆ!" ಎಂದು ನಾನು ಗಾಬರಿಯಲ್ಲಿ ಮೂರು ಭಾಷೆ ಕಲಸಿದೆ. ಸತ್ತವರೆಂದು ಭಾವಿಸಲಾಗಿದ್ದ ಮಾವ ತಲೆ ಎತ್ತದೆ, ಒಂದು ಬೆರಳು ಮಾತ್ರ ಎತ್ತಿ 'ಶ್!' ಎಂದರು. ಹಿರಿಯರು ಬೆಚ್ಚಿಬಿದ್ದರು. ಆಮೇಲೆ ಅವರು ಮಾಡಿದ್ದನ್ನು ಹೇಳಿದರೆ ನೀವು ನಂಬಲಾರಿರಿ: ಬೆಳ್ಳನೆಯ ಇಸ್ತ್ರಿಯ ನಿಲುವಂಗಿಯಲ್ಲಿ ಮಾವನ ಪಕ್ಕದಲ್ಲೇ ಮಂಡಿಯೂರಿ ಬಿಲದೊಳಗೆ ಇಣುಕಿದರು! ಸ್ವಲ್ಪ ಹೊತ್ತಿನ ಮೇಲೆ ಮಾವನ ಭುಜ ತಟ್ಟಿ ಹಿಂದೆ ಕೈ ತೋರಿಸಿದರು. ಧಬ್ಬು ನಮ್ಮ ಬೆನ್ನ ಹಿಂದಿನ ಕಲ್ಲಿನ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ, ಈ ಇಬ್ಬರನ್ನೂ ನೋಡುತ್ತ ಕೂತಿತ್ತು.

ಅಲ್ಲಿಗೆ ಸ್ನೇಹವಾಯಿತು. ಹಿರಿಯರು ನಮ್ಮನ್ನು ಸಮುದ್ರದಂಚಿನ ಒಂದು ಪಾಳುಹಳ್ಳಿಗೆ ಕರೆದುಕೊಂಡು ಹೋದರು. ಕಲ್ಲು ಮಣ್ಣಿನ ಗೋಡೆಗಳು ಕುಸಿದು ಮರಳಿಗೆ ಮರಳಾಗುತ್ತಿದ್ದವು. ಮಸೀದಿಯ ಮೋಟು ಮಿನಾರೊಂದು ಉಳಿದಿತ್ತು. ಬಾವಿ ಉಪ್ಪಾಗಿತ್ತು. ಒಂದು ಗೋಡೆಯ ಮೂಲೆ ತೋರಿಸಿ, ತಮ್ಮ ತಂದೆ ಹುಟ್ಟಿದ ಕೋಣೆ ಅದು ಎಂದರು.

"ಎಲ್ಲರೂ ಎಲ್ಲಿಗೆ ಹೋದರು?" ಮಾವ ಕೇಳಿದರು.

"ದೋಹಾ. ಶುಗಲ್, ಶುಗಲ್," ಎಂದರು ಹಿರಿಯರು. ಕೆಲಸ ಹುಡುಕಿಕೊಂಡು.

ಮಾವ ನನ್ನ ಕಡೆ ತಿರುಗಿದರು. "ಕೇಳಿದೆಯಾ? ಇವರ ಅಪ್ಪನೂ ಗಲ್ಫಿಗೆ ಹೋದದ್ದು ಮಾರಾಯ! ನಮ್ಮ ಹಾಗೆಯೇ!" ಎಂದು ನಕ್ಕರು. ನಾನೂ ನಕ್ಕೆ. ಗಾಳಿ ಬಾಗಿಲಿಲ್ಲದ ಬಾಗಿಲುಗಳಲ್ಲಿ ಹೊಕ್ಕು ಹೊರಡುತ್ತಿತ್ತು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಾವನ ಇನ್ನೊಂದು ಗುಣ ಹೇಳಲೇಬೇಕು. ತಪ್ಪನ್ನು ಅವರು ಬಿಡುತ್ತಿರಲಿಲ್ಲ. ಧಬ್ಬನ್ನು ಉಡ ಎಂದವರನ್ನು ನಡುದಾರಿಯಲ್ಲಿ ಕಾರು ನಿಲ್ಲಿಸಿ ತಿದ್ದುತ್ತಿದ್ದರು. ಕನ್ನಡದವರ ಪಿಕ್‌ನಿಕ್ಕಿನಲ್ಲಿ ಅಧ್ಯಕ್ಷರು ಭಾಷಣದ ನಡುವೆ ಒಂದು ಹಕ್ಕಿಯನ್ನು ತೋರಿಸಿ 'ಗುಬ್ಬಚ್ಚಿ' ಎಂದಾಗ, ಹಿಂದಿನ ಸಾಲಿನಿಂದ ಎದ್ದು "ಅಲ್ಲ!" ಎಂದು ಕೂಗಿದ್ದರು. ಅಧ್ಯಕ್ಷರು ತಮ್ಮ ಅಧ್ಯಕ್ಷತೆಯನ್ನೇ ಅಲ್ಲಗಳೆದರೆಂದು ತಿಳಿದು ಕೂತುಬಿಟ್ಟಿದ್ದರು!

ಇಂಥ ಮಾವ ಒಂದು ದಿನ ರೌದಾದ ಅಂಚಿನಲ್ಲಿ ನಿಂತು ನನ್ನನ್ನು ಗದರಿದರು: "ಆ ಮರ ಎಲ್ಲಿ ಹೋಯ್ತು?"

"ಯಾವ ಮರ ಮಾವ?"

"ಬಲಬದಿಯದ್ದು! ಯಾರು ಕಡಿದದ್ದು?"

ಮರ ಬಲಬದಿಯಲ್ಲೇ ಇತ್ತು, ಅವರ ತೋಳಿಗೆ ತಾಗುವಷ್ಟು ಹತ್ತಿರ. ನಾನು ತಮಾಷೆಯೆಂದುಕೊಂಡೆ. ಅವರು ಕತ್ತನ್ನು ಪೂರ್ತಿ ತಿರುಗಿಸಿ, ಮರವನ್ನು ಕಂಡರು. ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅದುವರೆಗೆ ಅವರು ಅದನ್ನು ಯಾರಿಗೂ ಕೊಟ್ಟವರಲ್ಲ.

ಕಣ್ಣಿನ ಒತ್ತಡ ಏರಿ ನರ ಒಣಗಿದೆ ಎಂದರು ವೈದ್ಯರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ಪ್ರಯತ್ನಿಸಬಹುದು. ಉಳಿದದ್ದೂ ಉಳಿಯಲಿಲ್ಲ. ಮೊದಲು ಪೈಪಿನೊಳಗಿಂದ ನೋಡಿದ ಹಾಗೆ, ಆಮೇಲೆ ಮಂಜಿನೊಳಗಿಂದ, ಆಮೇಲೆ ಬರಿಯ ಬೆಳಕು ಕತ್ತಲೆ. ಬಂದರಿನ ಕೆಲಸ ಖಲಾಸ್ ಆಯಿತು. ಬೇಸಗೆಯಿಡೀ ಮಾವ ಮನೆಯೊಳಗೆ, ಕಿಟಕಿಯ ಪರದೆ ಎಳೆದು, ಎಸಿಯ ಗೊರಗೊರ ಕೇಳುತ್ತ ಕೂತರು. "ಪರದೆ ತೆಗೆಯಲಾ ಮಾವ?" ಎಂದರೆ, "ತೆಗೆದು ಎಂತ ಮಾಡ್ಲಿಕ್ಕುಂಟು?" ಎನ್ನುತ್ತಿದ್ದರು. ನಾನು ಬೇಕೆಂದೇ ಧಬ್ಬನ್ನು ಉಡ ಎಂದೆ. ತಿದ್ದಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಚಳಿಗಾಲ ಕಾಲಿಟ್ಟ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅತ್ತೆಯ ಫೋನು. "ಮಗಾ, ಗಾಡಿ ತೆಗೆ. ಸವತಿಯನ್ನು ನೋಡ್ಲಿಕ್ಕೆ ಹೋಗುವ."

"ನೀವೂ ಬರ್ತೀರಾ ಅತ್ತೆ?"

"ನಾನಿಲ್ಲದೆ ಇನ್ನು ಅವರಿಗೆ ಯಾರು ತೋರಿಸುದು?"

ಮಾವ ಬೇಡ ಬೇಡವೆನ್ನುತ್ತಲೇ ಬಂದರು. ರೌದಾದ ಅಂಚಿನಲ್ಲಿ ಅತ್ತೆ ಅವರ ಕೈ ಹಿಡಿದು ನಿಲ್ಲಿಸಿದರು.

"ಎಂತ ಕಾಣ್ತದೆ?" ಮಾವ ಕೇಳಿದರು, ಉತ್ಸಾಹವಿಲ್ಲದೆ.

"ಕಲ್ಲು."

"ಮತ್ತೆ?"

"ಮತ್ತೂ ಕಲ್ಲು. ಹಾಂ, ಒಂದು ಹಕ್ಕಿ ಉಂಟು. ಕಂದು."

"ಇಲ್ಲಿ ಎಲ್ಲವೂ ಕಂದು! ಯಾವ ಕಂದು?"

ಅತ್ತೆಗೆ ಸಿಟ್ಟು ಬಂತು. "ಅಡಿ ಹಿಡಿದ ದೋಸೆಯ ಕಂದು! ಆಯ್ತಾ?"

"ತಲೆಯಲ್ಲಿ ಜುಟ್ಟು ಉಂಟಾ?"

"ಉಂಟು. ನಿಮ್ಮ ದೊಡ್ಡಣ್ಣ ನಿದ್ದೆಯಿಂದ ಎದ್ದು ಬಂದ ಹಾಗೆ ಉಂಟು."

"ನೆಲಗುಬ್ಬಿ!" ಎಂದರು ಮಾವ. ಇಡೀ ಬೇಸಗೆಯಲ್ಲಿ ಕೇಳದ ದನಿ ಅದು.

ಅಂದಿನಿಂದ ಪ್ರತಿ ಶುಕ್ರವಾರ ನಾನು ಚಾಲಕ, ಅತ್ತೆ ಕಣ್ಣು. ಅಡುಗೆಮನೆಯಲ್ಲಿ ಇಲ್ಲದ ಬಣ್ಣ ಅತ್ತೆಗೆ ಗೊತ್ತಿರಲಿಲ್ಲ. ಒಂದು ಹಕ್ಕಿ ಕೊತ್ತಂಬರಿ ಹುಡಿಯ ಬಣ್ಣ, ಒಂದು ಹಾಲು ಕಡಿಮೆಯಾದ ಚಹಾ. ಚಂದ್ರಮುಕುಟ ಹಕ್ಕಿ ಬಂದಾಗ ಮಾತ್ರ "ಅಯ್ಯೋ, ಯಕ್ಷಗಾನದ ಕಿರೀಟ ಕಟ್ಟಿಕೊಂಡು ಬಂದಿದೆ!" ಎಂದು ಕುಣಿದರು. ಮಾವ ಎಂದಿನ ಹಾಗೆ ಬಿಡಲಿಲ್ಲ: "ಕುಂಕುಮದ ಕೆಂಪೋ, ಮೆಣಸಿನ ಕೆಂಪೋ, ಸರಿಯಾಗಿ ಹೇಳು!" "ಹೆಚ್ಚು ಮಾತಾಡಿದ್ರೆ ಇಲ್ಲೇ ಬಿಟ್ಟು ಹೋಗ್ತೇನೆ!" ಇಬ್ಬರೂ ಜಗಳಾಡುತ್ತ ಬಯಲಿಡೀ ಸುತ್ತುತ್ತಿದ್ದರು. ಒಂದು ಮಳೆಯೂ ಬಿತ್ತು. ಕಲ್ಲಿನ ಸಂದಿನಲ್ಲಿ ನೇರಳೆಯ ಸಣ್ಣ ಹೂ ಎದ್ದವು. ಮಾವ ಮಂಡಿಯೂರಿ, ಅಂಗೈಯನ್ನು ಅವುಗಳ ಮೇಲೆ ತಾಗಿಯೂ ತಾಗದ ಹಾಗೆ ಆಡಿಸಿದರು.

ಆದರೆ ಕೆಲಸವಿಲ್ಲದವರಿಗೆ ಈ ದೇಶದಲ್ಲಿ ವೀಸಾ ಎಷ್ಟು ದಿನ? ಊರಿಗೆ ಟಿಕೇಟಾಯಿತು. ಹೊರಡುವ ಮುಂಚಿನ ಶುಕ್ರವಾರ ಕೊನೆಯ ಸಲ ಹೋದೆವು. ಕೆಟ್ಟ ಗಾಳಿ, ಸೂರ್ಯ ಬೂದಿ ಮುಚ್ಚಿದ ಕೆಂಡ. ಅತ್ತೆಯ ಕನ್ನಡಕ ಕಟ್ಟಿಟ್ಟ ಸೂಟ್‌ಕೇಸಿನೊಳಗೆ ಸೇರಿಹೋಗಿತ್ತು. ಹಕ್ಕಿಗಳಾದರೂ ಎಲ್ಲಿ? ಒಂದೂ ಇರಲಿಲ್ಲ. ಮಾವ ಕೇಳುತ್ತಿದ್ದರು, ಅತ್ತೆ ಹುಡುಕುತ್ತಿದ್ದರು, ಬಯಲು ನಿಜವಾಗಿಯೂ ಎಂತದೂ ಇಲ್ಲದ ಜಾಗವಾಗಿತ್ತು.

ಇದ್ದಕ್ಕಿದ್ದಂತೆ ಅತ್ತೆ ಮಾವನ ತೋಳು ಹಿಡಿದರು. "ಅಲ್ಲಿ! ಇದು ಹೊಸದು! ಇಷ್ಟು ದಿನ ನೋಡ್ಲೇ ಇಲ್ಲ!"

"ಎಂತ? ಎಂತ ಕಾಣ್ತದೆ?"

"ದೊಡ್ಡದು. ಕಾಡಿಗೆಯ ಕಪ್ಪು. ಮುಳ್ಳುಗಿಡದ ಮೇಲೆ ಕೂತಿದೆ. ರೆಕ್ಕೆ ಬಡಿತಾ ಉಂಟು, ಆದ್ರೆ ಹಾರುದಿಲ್ಲ. ಪಾಪ, ಮೊಟ್ಟೆ ಇಟ್ಟಿರ್ಬೇಕು."

ನಾನು ನೋಡಿದೆ. ಮುಳ್ಳಿಗೆ ಸಿಕ್ಕಿಕೊಂಡ ಕಸದ ಕಪ್ಪು ಪ್ಲಾಸ್ಟಿಕ್ ಚೀಲ.

"ಅತ್ತೆ, ಅದು..."

ಮಾವನ ಇನ್ನೊಂದು ಕೈ ಗಾಳಿಯಲ್ಲಿ ತಡಕಾಡಿ ನನ್ನ ಮೊಣಕೈಯನ್ನು ಕಂಡುಕೊಂಡು ಬಿಗಿಯಾಗಿ ಒತ್ತಿತು. ಅವರು ಗಾಳಿಗೆ ಕಿವಿ ಕೊಟ್ಟು ನಿಂತಿದ್ದರು. ಪ್ಲಾಸ್ಟಿಕ್ಕಿನ ಪಟಪಟ ಯಾರ ಕಿವಿಗಾದರೂ ಕೇಳುವಂತಿತ್ತು.

"ಕೊಕ್ಕು ಕಾಣ್ತದಾ?" ಎಂದು ಕೇಳಿದರು.

"ಇಲ್ಲ. ತಲೆ ಬಗ್ಗಿಸಿಕೊಂಡಿದೆ."

"ಹಾಗಾದ್ರೆ ಅದೇ." ಮಾವ ಪಟಪಟದ ಕಡೆಗೆ ಮುಖ ತಿರುಗಿಸಿದರು. "ಭಾರೀ ಅಪರೂಪದ್ದು ಮಾರಾಯ್ತಿ. ಇಷ್ಟು ವರ್ಷ ಹುಡುಕಿದೆ, ನನಗೆ ಒಂದು ಸಲವೂ ಸಿಕ್ಕಿಲ್ಲ. ನಿನಗೆ ಸಿಕ್ಕಿತು ನೋಡು."

"ಹೌದಾ? ನನಗಾ?" ಅತ್ತೆಯ ಮುಖ ಅರಳಿತು. ಮರುಕ್ಷಣವೇ ಸೆರಗಿನ ತುದಿ ಬಾಯಿಗೆ ಒತ್ತಿ ಪಿಸುಗುಟ್ಟಿದರು: "ಮೆಲ್ಲ ಮಾತಾಡಿ. ಹಾರಿಹೋದೀತು."

ಇಬ್ಬರೂ ಕೈ ಹಿಡಿದುಕೊಂಡು ಅಲುಗಾಡದೆ ನಿಂತರು. ನಾನೂ ಉಸಿರು ಬಿಗಿಹಿಡಿದು ನಿಂತೆ.