ಹೋಲಿಕೆಗೊಂದು ಬಾವಿ

ನೀರು ನಾರುವುದು ಅಪರಾಧವಲ್ಲ; ಯಾವ ನೀರಿಗೆ ಹೋಲಿಸಿದರೆ ನಾರುತ್ತದೆ ಎಂದು ತೋರಿಸದೆ ದೂರು ಕೊಡುವುದು ಅಪರಾಧ. ನೆಲ ಮತ್ತು ಅಂತರ್ಜಲ ತಪಾಸಣಾ ಇಲಾಖೆಯ ನಿಯಮ ಇಷ್ಟು ಸರಳವಾಗಿದೆ. ಅದನ್ನು ಅರ್ಥಮಾಡಿಕೊಳ್ಳದ ಜನರಿಂದಲೇ ಇಲಾಖೆಗೆ ಕೆಲಸ ಹೆಚ್ಚು.

ಪೆಟ್ರೋಲ್ ಬಂಕಿನ ಹಿಂದಿನ ಬೀದಿಯಲ್ಲಿ ಚಹಾದಂಗಡಿ ಇಟ್ಟಿದ್ದ ಹೆಂಗಸು ಅಂಥವರಲ್ಲಿ ಒಬ್ಬಳು. ಬಂಕಿನ ನೆಲದಡಿಯ ಟ್ಯಾಂಕು ಸೋರುತ್ತಿತ್ತು. ಪೆಟ್ರೋಲು ಚೆನ್ನಾಗಿ ಉರಿಯಲೆಂದು ಬೆರೆಸುವ ರಾಸಾಯನಿಕ ಮಣ್ಣಿಗಿಳಿದು, ಅಲ್ಲಿಂದ ಅವಳ ಬಾವಿಗಿಳಿದು, ಬಾವಿಯಿಂದ ಚಹಾಕ್ಕೆ ಬಂತು. ಗಿರಾಕಿಗಳು ಒಂದೇ ಗುಟುಕಿಗೆ ಲೋಟ ಕೆಳಗಿಡತೊಡಗಿದರು. ಅದನ್ನಾದರೂ ಅವಳು ಸಹಿಸಿಕೊಂಡಾಳು. ಆದರೆ ಪುಟ್ಟ ಮಗಳು ತಿಂದದ್ದನ್ನೆಲ್ಲ ಕಕ್ಕುತ್ತಿದ್ದಳು.

ಅವಳು ಅರ್ಜಿ ಕೊಟ್ಟ ಮೇಲೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಮಣ್ಣಿನ ಮಾದರಿ ಬೇಕಿತ್ತು. ಬೀದಿ ಅಗೆಯುವ ಅಧಿಕಾರ ಮಾತ್ರ ರಸ್ತೆ ಇಲಾಖೆಯದು. ಆದ್ದರಿಂದ ಅವರು ತಮ್ಮ ಕಚೇರಿಯ ಹೂಕುಂಡದಿಂದ ಒಂದು ಹಿಡಿ ತೆಗೆದು ಪರೀಕ್ಷೆಗೆ ಕಳಿಸಿದರು. ಮಣ್ಣು ನಿರ್ದೋಷಿ ಎಂದು ವರದಿ ಬಂತು.

ನೀರಿನ ವಿಚಾರ ಅಷ್ಟು ಸುಲಭವಿರಲಿಲ್ಲ. ದೂರು ಬಂದ ಬಾವಿಯನ್ನು ಅದೇ ಬೀದಿಯ ಒಳ್ಳೆಯ ಬಾವಿಯೊಂದಿಗೆ ಹೋಲಿಸಬೇಕೆಂಬುದು ನಿಯಮ. ಬೀದಿಯ ಬಾವಿಗಳೆಲ್ಲವೂ ನಾರುತ್ತಿದ್ದವು.

"ಪಕ್ಕದ ಬೀದೀದು ನೋಡಿ ಸಾರ್," ಎಂದಳು ಚಹಾದಂಗಡಿಯವಳು.

"ಅದು ನನ್ನ ವ್ಯಾಪ್ತಿಗೆ ಬರಲ್ಲಮ್ಮ."

"ಮತ್ತೆ ಯಾವುದಕ್ಕೆ ಹೋಲಿಸ್ತೀರಿ?"

"ಇರೋದ್ರಲ್ಲಿ ನಿಮ್ಮ ಬಾವಿ ಕಟ್ಟೆನೇ ಅಚ್ಚುಕಟ್ಟಾಗಿದೆ. ಅದನ್ನೇ ಒಳ್ಳೇ ಬಾವಿ ಅಂತ ಬರ್ಕೊಂಡಿದೀನಿ. ಖುಷಿಪಡಿ."

ಅವಳ ಬಾವಿಯನ್ನು ಅವಳ ಬಾವಿಗೇ ಹೋಲಿಸಲಾಯಿತು. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಬೀದಿಯ ಉಳಿದ ಬಾವಿಗಳೂ ಪಾಸಾದವು. ಬಂಕಿನ ಮಾಲೀಕರು ಇಲಾಖೆಯ ಶ್ರಮವನ್ನು ಮೆಚ್ಚಿ ಇನ್‌ಸ್ಪೆಕ್ಟರ ಜೀಪಿನ ಟ್ಯಾಂಕು ತುಂಬಿಸಿದರು. ಅದು ಸೋರಲಿಲ್ಲ.

ಅವಳು ಹಟ ಬಿಡದೆ ದೂರದಿಂದ ಟ್ಯಾಂಕರ್ ನೀರು ತರಿಸಿದಳು. ಗಿರಾಕಿಗಳು ಮರಳಿದರು. ಮಗಳು ಉಂಡ ಅನ್ನ ಹೊಟ್ಟೆಯಲ್ಲಿ ನಿಂತಿತು. ಆ ವಾರವೇ ಅಂಗಡಿಯ ಬಾಗಿಲಿಗೆ ಇಲಾಖೆಯ ಪ್ರಕಟಣೆ ಅಂಟಿತು:

"ಈ ಅಂಗಡಿಯಲ್ಲಿ ಬಳಸುತ್ತಿರುವ ನೀರಿನಲ್ಲಿ ಒಳ್ಳೆಯ ಬಾವಿಯ ವಾಸನೆಯಾಗಲಿ ರುಚಿಯಾಗಲಿ ಕಂಡುಬಾರದ ಕಾರಣ, ಸದರಿ ನೀರನ್ನು ಕಲುಷಿತವೆಂದು ಘೋಷಿಸಲಾಗಿದೆ. ಸಾರ್ವಜನಿಕರು ಇದನ್ನು ಕುಡಿಯತಕ್ಕದ್ದಲ್ಲ. ಒಳ್ಳೆಯ ಬಾವಿಯ ಬಳಿ ಬೀಡಿ ಹಚ್ಚತಕ್ಕದ್ದಲ್ಲ."

ಟ್ಯಾಂಕರ್ ನೀರನ್ನು ಚರಂಡಿಗೆ ಬಿಡಲಾಯಿತು. ಇಷ್ಟು ದಿನ ಎಂಥ ನೀರು ಕುಡಿಸಿದಳಪ್ಪ ಎಂದು ಗಿರಾಕಿಗಳು ಬೈದುಕೊಂಡರು. ಬಾವಿಯ ನೀರಿನ ಚಹಾ ಮತ್ತೆ ಶುರುವಾದಾಗ ಮೂಗು ಹಿಡಿದು ಕುಡಿದು, ಈಗ ಸರಿಹೋಯಿತು ಎಂದರು. ಮಗಳ ಹೊಟ್ಟೆಗೆ ಮಾತ್ರ ಪ್ರಕಟಣೆ ಓದಲು ಬರುತ್ತಿರಲಿಲ್ಲ. ತಾಯಿ ಅವಳನ್ನು ಹೊತ್ತುಕೊಂಡು ಡಾಕ್ಟರ ಬಳಿ ಹೋದಳು.

"ಕುಡಿಯೋದು ಯಾವ ನೀರು?" ಎಂದರು ಡಾಕ್ಟರು.

"ಬಂಕಿನ ಹಿಂದಿನ ಬಾವೀದು."

"ಒಳ್ಳೇ ಬಾವಿ ಅಂತಾರಲ್ಲ, ಅದೇ ತಾನೆ?"

"ಅದೇ."

"ಹಾಗಾದ್ರೆ ನೀರಿಂದ ಬಂದಿದ್ದಲ್ಲ ಬಿಡಿ." ಡಾಕ್ಟರು ಮಾತ್ರೆ ಬರೆದರು. "ಮಗು ನಿತ್ರಾಣ ಆಗಿದೆ. ಆ ನೀರನ್ನೇ ಚೆನ್ನಾಗಿ ಕುಡಿಸಿ."

ಇಲಾಖೆ, ಬೀದಿ, ಡಾಕ್ಟರು ಎಲ್ಲರೂ ಹೇಳಿದ ಮೇಲೆ ತಾಯಿಯೊಬ್ಬಳು ಎಷ್ಟೆಂದು ಅನುಮಾನ ಪಟ್ಟಾಳು? ಚೀಲದಿಂದ ಬಾವಿ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಮಗಳ ಬಾಯಿಗೆ ಹಿಡಿದಳು.

ಡಾಕ್ಟರು ಎದ್ದು ಕಿಟಕಿ ತೆರೆದರು.