ಅಂಟಿಸಿ ಕಿತ್ತ ನೋಟಿಸಿನ ಬಗ್ಗೆ ಪಕ್ಕದ ಮನೆಯವಳ ಅಹವಾಲು

ಕಟ್ಟಡ ಪರವಾನಗಿ ಕೊಡುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕುರ್ಚಿಯ ಮೆತ್ತೆಗೂ, ತಮ್ಮ ನೆತ್ತಿಯ ಮೇಲೆ ತಿರುಗುವ ಫ್ಯಾನಿಗೂ ಈ ಮುದುಕಿಯ ನಮಸ್ಕಾರಗಳು.

ನಮ್ಮ ಪಕ್ಕದ ಖಾಲಿ ನಿವೇಶನದಲ್ಲಿ ನಾಲ್ಕು ಮಹಡಿ ಎಬ್ಬಿಸಲು ಬಿಳಿ ಕಾರಿನ ಸಾಹುಕಾರರು ಅರ್ಜಿ ಹಾಕಿದ್ದಾರೆ. ಅನುಮತಿ ಕೊಡುವ ಮುಂಚೆ ಅಕ್ಕಪಕ್ಕದವರಿಗೆ ತಿಳಿಯುವಂತೆ ಆ ಜಾಗದಲ್ಲೇ ನೋಟಿಸು ಅಂಟಿಸಿ, ತಕರಾರಿದ್ದರೆ ಹೇಳಿ ಎಂದು ಕೇಳಬೇಕೆಂಬುದು ತಮ್ಮದೇ ನಿಯಮ. ಅದನ್ನು ತಾವು ಎಷ್ಟು ನಿಷ್ಠೆಯಿಂದ ಪಾಲಿಸಿದಿರೆಂದರೆ, ತಮ್ಮ ನೌಕರರೊಬ್ಬರು ಬಂದು ಗೇಟಿಗೆ ನೋಟಿಸು ಅಂಟಿಸಿದರು, ಮೊಬೈಲಿನಲ್ಲಿ ಅದರ ಫೋಟೋ ಹೊಡೆದರು, ಅಂಟು ಒಣಗುವ ಮೊದಲೇ ಕಿತ್ತು ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ಇದನ್ನು ಕಂಡವಳು ನನ್ನ ನಾದಿನಿ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಆ ನಿವೇಶನದ ಕಡೆಗಿರುವ ಕಿಟಕಿಯೇ ಅವಳಿಗೆ ಬೀದಿ, ಅಂಗಡಿ, ನೆಂಟರ ಮನೆ ಎಲ್ಲ. ಅಲ್ಲಿಂದಲೇ ತರಕಾರಿಯವನಿಗೆ "ಏಯ್, ತಕ್ಕಡಿ ಮೇಲಿಂದ ಬೆರಳು ತೆಗಿಯೋ!" ಎಂದು ಕೂಗಿ ಇಡೀ ಬೀದಿಗೆ ಸರಿಯಾದ ತೂಕ ಕೊಡಿಸುತ್ತಾಳೆ. ತಮ್ಮ ನೌಕರರನ್ನೂ ಬಿಡಲಿಲ್ಲ. ಫೋಟೋ ಹೊಡೆಯುವಾಗಲೇ "ಏಯ್, ಅದೇನಪ್ಪಾ ಹಚ್ಚಿರೋದು?" ಎಂದು ಕೂಗಿದಳು; ಕಿತ್ತ ಮೇಲೆ "ಯಾಕಪ್ಪಾ, ಈಗ ತಾನೇ ಹಚ್ಚಿದ್ದನ್ನ ಮತ್ತೆ ಕಿತ್ಕೊಂಡೆ?" ಅಂದಳು. "ಬಿಸಿಲಿಗೆ ಹಾಳಾಗುತ್ತೆ ಅಜ್ಜಿ, ಆಫೀಸಲ್ಲಿ ಜೋಪಾನವಾಗಿ ಇಡ್ತೀವಿ" ಅಂದರಂತೆ. ಹೆತ್ತ ಮಗುವನ್ನೂ ಬಿಸಿಲಿಗೆ ಹೆದರಿ ಇಷ್ಟು ಬೇಗ ಒಳಗೆ ಕರೆದುಕೊಂಡ ತಾಯಿಯನ್ನು ನಾನು ಕಂಡಿಲ್ಲ.

ತಮ್ಮ ಕಚೇರಿಗೆ ಬಂದು ಕೇಳಿದಾಗ ತಾವು ಆ ಫೋಟೋ ತೋರಿಸಿ, ಗಡುವು ಮುಗಿಯಿತು, ಯಾರೂ ತಕರಾರು ಮಾಡಲಿಲ್ಲ, ನೋಟಿಸು ಓದಿಕೊಳ್ಳಬೇಕಾಗಿತ್ತು ಎಂದು ಬಹಳ ಸಮಾಧಾನದಿಂದ ತಿಳಿಸಿದಿರಿ. ಓದುವಷ್ಟು ಅಕ್ಷರ ನನಗೂ ಬರುತ್ತದೆ. ಇಲ್ಲದ ಕಾಗದವನ್ನು ಓದುವ ಪಾಠ ಬರುವ ಮೊದಲೇ ನನ್ನನ್ನು ಶಾಲೆ ಬಿಡಿಸಿದ್ದರು. ಆದರೂ ಕನ್ನಡಕ ಒರೆಸಿಕೊಂಡು ತಮ್ಮ ಫೋಟೋ ನೋಡಿದೆ. ಅದರ ಮೂಲೆಯಲ್ಲಿ ನಮ್ಮ ಕಿಟಕಿಯಿದೆ, ಕಿಟಕಿಯಲ್ಲಿ ಬಾಯಿ ಇಷ್ಟಗಲ ತೆರೆದ ನನ್ನ ನಾದಿನಿಯಿದ್ದಾಳೆ. ಮಾನ್ಯರೇ, ಅದೇ ತಕರಾರು. ಗಡುವಿನೊಳಗೇ ಬಂದಿದೆ, ತಮ್ಮ ಮೊಬೈಲಿನಲ್ಲೇ ಇದೆ.

ನಕ್ಷೆಯಲ್ಲಿ ತಾವೇ ತೋರಿಸಿದಂತೆ ಹೊಸ ಗೋಡೆ ನಮ್ಮ ಕಿಟಕಿಯಿಂದ ಒಂದು ಮೊಳ ದೂರ. ಇನ್ನು ಉಳಿದ ಆಯುಸ್ಸೆಲ್ಲ ಅವಳು ಸಿಮೆಂಟು ನೋಡುತ್ತಾ ಮಲಗಬೇಕು. ಆದ್ದರಿಂದ ನನ್ನ ಬೇಡಿಕೆ ಸಣ್ಣದು. ನೋಟಿಸನ್ನು ಮತ್ತೆ ಅಂಟಿಸಿ, ಈ ಸಲ ಅದನ್ನು ಗೇಟಿನಲ್ಲೇ ಬಿಟ್ಟು ಹೋಗಿ, ನಮ್ಮ ಮಾತು ಕೇಳಿ. ಅಷ್ಟು ಶ್ರಮ ತಮಗೆ ಭಾರವಾದರೆ ಸೂರ್ಯನಿಗೂ ಗಾಳಿಗೂ ಒಂದೊಂದು ನೋಟಿಸು ಕೊಟ್ಟು, ಇನ್ನು ಮೇಲೆ ನಮ್ಮ ಮನೆಗೆ ಹಿಂದಿನ ಬಾಗಿಲಿನಿಂದ ಬರತಕ್ಕದ್ದು ಎಂದು ಆದೇಶಿಸಿರಿ. ಅವರು ಒಪ್ಪಿದ್ದಕ್ಕೆ ಒಂದು ಫೋಟೋ ಇದ್ದರೆ ಸಾಕು. ಹಾಗೆಯೇ ಬೀದಿಯನ್ನೂ ಸ್ವಲ್ಪ ಎತ್ತಿ ನಮ್ಮ ಹಿತ್ತಲಿನ ಕಡೆ ಇಡಿಸಿಕೊಟ್ಟರೆ, ತರಕಾರಿಯವನೊಬ್ಬನನ್ನು ಬಿಟ್ಟು ಎಲ್ಲರೂ ತಮ್ಮನ್ನು ಹರಸುತ್ತೇವೆ.

ಉತ್ತರವನ್ನು ಎಲ್ಲಿಯೂ ಅಂಟಿಸದೆ ನನ್ನ ಕೈಗೇ ಕೊಡುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ಪಕ್ಕದ ಮನೆಯ ಅಜ್ಜಿ

ಮರೆತ ಮಾತು: ಗೋಡೆ ಎದ್ದೇ ಏಳುವುದಾದರೆ ನಾದಿನಿಗೆ ನೋಡಲು ಬೇರೆ ಜಾಗ ಬೇಕಲ್ಲ, ಅವಳ ಮಂಚವನ್ನು ತಮ್ಮ ಕಚೇರಿಯ ಬಾಗಿಲೆದುರಿಗೆ ಹಾಕಿಸಲು ಮೊಮ್ಮಕ್ಕಳಿಗೆ ಹೇಳಿದ್ದೇನೆ. ಒಳಗೆ ಯಾರು ಹೋದರು, ಹೋಗುವಾಗ ಕೈಯಲ್ಲಿದ್ದ ಚೀಲ ಬರುವಾಗ ಏನಾಯಿತು ಎಂಬುದನ್ನೆಲ್ಲ ಅವಳು ಬಹಳ ಗಟ್ಟಿಯಾಗಿ ಹೇಳುತ್ತಾಳೆ. ಇದಕ್ಕೆ ತಮ್ಮ ತಕರಾರಿದ್ದರೆ ತಿಳಿಸಬಹುದು. ಅಕ್ಕಪಕ್ಕದವರನ್ನು ಕೇಳದೆ ನಾವು ಏನನ್ನೂ ಮಾಡುವವರಲ್ಲ.